ಮೊಣಕಾಲಿನ ಕೆಳಗೆ ನೋಡಿ: ಟ್ರಿನಿಡಾಡ್‌ನಲ್ಲಿ ಮರಗಾಲಿಗ ಮೋಕೊ ಜಂಬಿಯ ಬೆನ್ನು ಹಿಡಿದು ಏಳು ದಿನ

ಗುರುವಾರ: ಕೊಕೊರೀಟ್

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಪಶ್ಚಿಮಕ್ಕೆ ಹೋಗುವ ಮ್ಯಾಕ್ಸಿ ಟ್ಯಾಕ್ಸಿಗಳ, ಅಂದರೆ ಬಾಡಿಗೆ ವ್ಯಾನುಗಳ, ಮೈಮೇಲೆ ಹಳದಿ ಪಟ್ಟಿ ಇರುತ್ತದೆ. ಕೆಂಪು ಪಟ್ಟಿಯದನ್ನು ಹತ್ತಿದರೆ ಪೂರ್ವಕ್ಕೆ, ಅರೀಮಾ ಕಡೆಗೆ ಹೋಗಿಬಿಡುತ್ತೀರಿ. ಹಳದಿ ಪಟ್ಟಿಯದು ಸೇಂಟ್ ಜೇಮ್ಸ್ ಹಾದು ಹೋಗುವಾಗ ಬೀದಿಗಳ ಫಲಕ ಓದುತ್ತ ಕೂತರೆ ಕಲ್ಕತ್ತಾ, ಬಾಂಬೆ, ಮದ್ರಾಸ್, ಡೆಲ್ಲಿ, ಬನಾರಸ್ ಒಂದರ ಹಿಂದೊಂದು ಬರುತ್ತವೆ. 1845ರಲ್ಲಿ ಫತೆಲ್ ರಜಾಕ್ ಹಡಗು ಮೊದಲ ಕೂಲಿಯಾಳುಗಳನ್ನು ಭಾರತದಿಂದ ಇಲ್ಲಿಗೆ ತಂದಿಳಿಸಿತು. ಕಬ್ಬಿನ ತೋಟಕ್ಕೆ ಬಂದವರ ಗುರುತು ಈ ಬೀದಿಗಳ ಹೆಸರಲ್ಲಿ ಇನ್ನೂ ಉಳಿದಿದೆ. ಸೇಂಟ್ ಜೇಮ್ಸ್ ದಾಟಿದರೆ ಸಮುದ್ರದ ಅಂಚಿಗೆ ಕೊಕೊರೀಟ್.

ಮೈಸೂರು ದಸರಾ ಮೆರವಣಿಗೆ ನೋಡಿದವರಿಗೆ ಮರಗಾಲು ಹೊಸದಲ್ಲ. ಆದರೆ ಕೆರಿಬಿಯನ್ನಿನ ಮರಗಾಲಿಗ ಬರೀ ಕಸರತ್ತಿನವನಲ್ಲ, ಅವನೊಬ್ಬ ಕಾವಲುಗಾರ. ಅವನ ಹೆಸರು ಮೋಕೊ ಜಂಬಿ. ಜಂಬಿ ಎಂದರೆ ಈ ದ್ವೀಪಗಳಲ್ಲಿ ದೆವ್ವ, ಭೂತ. ಮೋಕೊ ಎಂಬುದಕ್ಕೆ, ವೈದ್ಯ ಅಥವಾ ಕಣಿ ಹೇಳುವವ ಎಂಬ ಅರ್ಥದ ಕಾಂಗೊ ಮಾತನ್ನು ಹಲವರು ಮೂಲವೆಂದು ತೋರಿಸುತ್ತಾರೆ. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಹಡಗುಗಳು ಹೊರಟಾಗ ಅವರನ್ನು ಕಾಯಲು ಅವನು ಅಟ್ಲಾಂಟಿಕ್ ಸಾಗರದ ನೀರಲ್ಲೇ ನಡೆದು ಬಂದ, ಅಷ್ಟು ಎತ್ತರವಿದ್ದದ್ದರಿಂದ ಮುಳುಗಲಿಲ್ಲ ಎನ್ನುವುದು ಇಲ್ಲಿನ ನಂಬಿಕೆ. ಊರಿಗೆ ಬರುವ ಕೇಡು ಎಲ್ಲರಿಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತದೆ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳ ತನಕ ಮೋಕೊ ಪೇಟೆಯ ಬೀದಿಗಳಲ್ಲಿ ಓಡಾಡುತ್ತ, ಮಹಡಿ ಮನೆಗಳ ಬಾಲ್ಕನಿಯಲ್ಲಿ ಕೂತವರಿಂದ ನೇರವಾಗಿ ಕಾಸು ಪಡೆಯುತ್ತಿದ್ದ. ಆಮೇಲೆ ಹೆಚ್ಚುಕಡಿಮೆ ಮರೆಯಾಗಿಯೇ ಹೋದ. ಅವನನ್ನು ಮತ್ತೆ ಎಬ್ಬಿಸಿದ್ದರಲ್ಲಿ ಕೊಕೊರೀಟ್‌ನ ಪಾಲು ದೊಡ್ಡದು. ಗ್ಲೆನ್ ‘ಡ್ರ್ಯಾಗನ್’ ಡಿ ಸೋಜ 1986ರಲ್ಲಿ ಇಲ್ಲಿ ಕೀಲೆಮಂಜಾರೊ ಎಂಬ ಶಾಲೆ ಶುರು ಮಾಡಿ, ಕೇರಿಯ ಮಕ್ಕಳನ್ನು ಕೋಲಿನ ಮೇಲೆ ನಿಲ್ಲಿಸಿದರು. ನಾಲ್ಕೈದು ವರ್ಷದ ಮಕ್ಕಳೂ ಅಲ್ಲಿ ಕಲಿತರು. ಬಲಿತವರು ಹದಿನೈದು ಅಡಿಯ ಕೋಲಿನ ತನಕ ಹೋದರು. ಇವತ್ತು ದ್ವೀಪದ ದಕ್ಷಿಣಕ್ಕೆ, ಸ್ಯಾನ್ ಫರ್ನಾಂಡೊ ಪಕ್ಕದ ಟಾರೊಡೇಲ್‌ನಲ್ಲೂ ಮರಗಾಲಿನ ತಂಡವಿದೆ.

ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚಿನ ಬೀದಿಹಬ್ಬವಾದ ಕಾರ್ನಿವಲ್ ವಾರಕ್ಕೆ ಬರುವವರೆಲ್ಲ ಕತ್ತೆತ್ತಿ ಮೇಲೆ ನೋಡುತ್ತಾರೆ. ಗರಿ, ಕಿರೀಟ, ಹದಿನಾರು ಅಡಿ ಮೇಲಿನ ನಗು. ನೋಡಬೇಕಾದ್ದು ಕೆಳಗೆ, ಎರಡು ಕಡೆ: ಮೊಣಕಾಲಿನ ಕೆಳಗಿನ ಕಟ್ಟು, ಮತ್ತು ಕೋಲು ನೆಲ ಮುಟ್ಟುವ ಆ ಅಂಗೈಯಗಲದ ಜಾಗ. ವಿದ್ಯೆ ಇರುವುದೇ ಅಲ್ಲಿ.

ಶುಕ್ರವಾರ: ನಸುಕಿನ ಕಂಬುಲೆ, ಹಗಲು ಮರದ ಕೆಲಸ

ಕಾರ್ನಿವಲ್ ಶುಕ್ರವಾರ ಬೆಳಗಾಗುವ ಮುಂಚೆಯೇ ಈಸ್ಟ್ ಡ್ರೈ ರಿವರ್ ಪಕ್ಕದ ಪಿಕಡಿಲಿ ಗ್ರೀನ್ಸ್‌ಗೆ ಹೋಗಬೇಕು. 1881ರಲ್ಲಿ ಕ್ಯಾಪ್ಟನ್ ಬೇಕರ್‌ನ ಪೊಲೀಸರು ಕಂಬುಲೆ ಮೆರವಣಿಗೆಯ ಪಂಜು, ಕೋಲುಗಳನ್ನು ಕಿತ್ತುಕೊಳ್ಳಲು ಬಂದಾಗ ಜನ ತಿರುಗಿಬಿದ್ದ ಕಥೆಯನ್ನು ಅಲ್ಲಿ ಆಡಿ ತೋರಿಸುತ್ತಾರೆ. ಸುಟ್ಟ ಕಬ್ಬು ಎಂಬ ಫ್ರೆಂಚ್ ಮಾತೇ ಬಾಯಿಂದ ಬಾಯಿಗೆ ಸವೆದು ಕಂಬುಲೆ ಆಗಿದೆ. ಆ ದಶಕದಲ್ಲೇ ಚರ್ಮವಾದ್ಯಕ್ಕೂ ನಿರ್ಬಂಧ ಬಿತ್ತು. ಜನ ಬಿದಿರು ಹಿಡಿದರು. ಐದಡಿಯ ದಪ್ಪ ಬಿದಿರನ್ನು ನೆಲಕ್ಕೆ ಕುಟ್ಟಿದರೆ ಬೂಮ್. ಅಡಿಯುದ್ದದ ಎರಡು ತುಂಡುಗಳ ತುದಿ ತಾಗಿಸಿದರೆ ಫೂಲೆ. ಹೆಗಲ ಮೇಲಿಟ್ಟು ಕಡ್ಡಿಯಿಂದ ಬಡಿಯುವ ಸಣ್ಣದು ಕಟರ್. ಮೂರೂ ಸೇರಿದರೆ ಟಾಂಬು ಬ್ಯಾಂಬು. ಮೋಕೊ ಇವತ್ತು ಕುಣಿಯುವುದು ಹೆಚ್ಚಾಗಿ ಸೋಕಾ ಎಂಬ ಇಲ್ಲಿನ ಕುಣಿತದ ಸಂಗೀತಕ್ಕೆ. ಆದರೆ ಈ ಬಿದಿರಿನ ಪೆಟ್ಟು ಅವನ ನಡಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಎರಡೂ ನೆಲವನ್ನು ಕುಟ್ಟುವ ಕೆಲಸವೇ ತಾನೆ.

ಹಗಲು ಕೊಕೊರೀಟ್‌ನ ಒಂದು ಮನೆಯಂಗಳದಲ್ಲಿ ಕೋಲು ಮಾಡುವುದನ್ನು ನೋಡಲು ಕೂತರೆ ಮಧ್ಯಾಹ್ನ ದಾಟುತ್ತದೆ. ಮರ ಹಾರ್ಡ್‌ವೇರ್ ಅಂಗಡಿಯ ಪೈನ್. ಆರಿಸುವಾಗ ತುದಿಗೆ ಕಣ್ಣಿಟ್ಟು ಬಂದೂಕಿನ ಗುರಿ ನೋಡಿದ ಹಾಗೆ ಉದ್ದಕ್ಕೂ ನೋಡುತ್ತಾರೆ, ಬಾಗಿದ್ದರೆ ಬೇಡ. ಆಮೇಲೆ ನಾಲ್ಕೂ ಮೈ ತಿರುಗಿಸಿ ಗಂಟು ಹುಡುಕುತ್ತಾರೆ. ಕಡಲೆಕಾಳಿನಷ್ಟು ಗಂಟು ಮೇಲ್ತುದಿಯಲ್ಲಿದ್ದರೆ ನಡೆದೀತು. ಪಾದದ ಹಲಗೆಯಿಂದ ಕೆಳಗೆ ಎರಡಡಿಯೊಳಗೆ ಇದ್ದರೆ ಆ ಮರ ವಾಪಸ್. ಎಳೆಗಳು ಓರೆಯಾಗಿ ಓಡಿ ಅಂಚಿನಿಂದ ಹೊರಬೀಳುವ ಮರವೂ ಬೇಡ, ಅದು ಮುರಿಯುವಾಗ ಉದ್ದಕ್ಕೆ ಸೀಳಿ ಈಟಿಯಾಗುತ್ತದೆ.

ಲೆಕ್ಕ ಹೀಗೆ. ಆರಡಿ ಎತ್ತರದಲ್ಲಿ ಪಾದ ಇರಬೇಕೆಂದರೆ ಕೋಲು ಏಳೂವರೆ ಅಡಿ ಬೇಕು, ಮೇಲಿನ ಒಂದೂವರೆ ಅಡಿ ಮೊಣಕಾಲಿನ ಕೆಳಗಿನವರೆಗೆ ಕಾಲಿಗೆ ಅಂಟಿ ನಿಲ್ಲಲು. ಕೋಲಿನ ಮೇಲ್ತುದಿ ಮೊಣಕಾಲಿನ ಮಡಿಕೆಗಿಂತ ಎರಡು ಬೆರಳು ಕೆಳಗೇ ನಿಲ್ಲಬೇಕು. ಅದಕ್ಕಿಂತ ಮೇಲೆ ಬಂದರೆ ಮಂಡಿ ಮಡಚುವಾಗ ಚುಚ್ಚುತ್ತದೆ. ತೀರ ಕೆಳಗಾದರೆ ಕೋಲು ಪಕ್ಕಕ್ಕೆ ವಾಲಿದಾಗ ತಡೆಯಲು ಹಿಡಿತ ಸಿಗುವುದಿಲ್ಲ. ಎರಡಿಂಚು ಚೌಕದ ಇಂಥ ಒಂದು ಕೋಲು ಮೂರು ಕಿಲೋ ಹತ್ತಿರ ತೂಗುತ್ತದೆ. ಪ್ರತಿ ಹೆಜ್ಜೆಗೂ ಅಷ್ಟನ್ನು ಮಂಡಿಯಿಂದ ಎತ್ತಬೇಕು.

ಪಾದದ ಹಲಗೆ ಷೂಗಿಂತ ಸ್ವಲ್ಪ ಚಿಕ್ಕದೇ ಇರಲಿ. ದೊಡ್ಡದಾದರೆ ನಡೆಯುವಾಗ ಆಚೆ ಕಾಲಿನ ಕೋಲಿಗೆ ಬಡಿಯುತ್ತದೆ. ಹಲಗೆಯ ಕೆಳಗೆ ಮುಕ್ಕೋನದ ಆಧಾರದ ತುಂಡು ಕಡ್ಡಾಯ. ಮೊಳೆ ಮಾತ್ರ ಹೊಡೆದರೆ ಸಾವಿರಾರು ಹೆಜ್ಜೆಯ ಪೆಟ್ಟಿಗೆ ಅದು ಮೆಲ್ಲಗೆ ಮೇಲೆದ್ದು ಬರುತ್ತದೆ. ಅಡ್ಡಲಾಗಿ ಬೋಲ್ಟ್ ಹಾಕಿ, ಎರಡೂ ಕಡೆ ವಾಷರ್ ಕೊಡಬೇಕು. ಆದರೆ ಎರಡು ತೂತುಗಳನ್ನು ಒಂದೇ ಗೆರೆಯಲ್ಲಿ ಕೊರೆಯಬಾರದು, ಮರ ಆ ಗೆರೆಗುಂಟ ಬಿಡುತ್ತದೆ. ಒಂದು ಅತ್ತ, ಒಂದು ಇತ್ತ.

ಕೊನೆಗೆ ಅಡಿಯ ರಬ್ಬರ್, ಹಳೆಯ ಕಾರಿನ ಟೈರಿನ ತುಂಡು. ಟೈರಿನ ಗೀರು ನೆಲದ ಕಡೆಗಿರಬೇಕು, ಮೊಳೆಯ ತಲೆ ರಬ್ಬರಿನೊಳಗೆ ಹುದುಗಿರಬೇಕು. ರಬ್ಬರ್ ಸವೆದು ಮೊಳೆಯ ತಲೆ ಹೊರಗೆ ಇಣುಕಿದ ದಿನ ಕೋಲು ಟಾರು ರಸ್ತೆಯ ಮೇಲೆ ಜಾರುತ್ತದೆ. ಮರಗಾಲಿಗರು ಬೀಳುವುದಕ್ಕೆ ಎತ್ತರಕ್ಕಿಂತ ಈ ಮೊಳೆಯೇ ಹೆಚ್ಚು ಕಾರಣ ಎಂದರೆ ಹೊಸಬರು ನಂಬುವುದಿಲ್ಲ.

ಶನಿವಾರ: ಮಕ್ಕಳ ದಿನ

ಇವತ್ತು ಮಕ್ಕಳ ಮೆರವಣಿಗೆ, ಪೇಟೆಯಿಂದ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದವರೆಗೆ. ಬೆಳಿಗ್ಗೆ ಬೇಗ ಡಬಲ್ಸ್ ತಿಂದು ಹೊರಡಿ. ಬಾರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿಗಳ ನಡುವೆ ಕಡಲೆಯ ಪಲ್ಯ, ಮೇಲೆ ಹುಣಸೆಹುಳಿ. ಬಿಸಿಲೇರಿದ ಮೇಲೆ ಸಾಲು ಉದ್ದವಾಗುತ್ತದೆ.

ಮೆರವಣಿಗೆಗಿಂತ ಮೊದಲು ಮಕ್ಕಳ ಕಾಲಿಗೆ ಕೋಲು ಕಟ್ಟುವ ಜಾಗಕ್ಕೆ ಹೋಗಿ ನಿಲ್ಲಿ. ಮೂರಡಿಯ ಕೋಲಿಗೆ, ಅಂದರೆ ಪಾದ ಮೂರಡಿ ಮೇಲಿರುವ ಕೋಲಿಗೆ, ನಾಲ್ಕೂವರೆ ಅಡಿಯ ಗೋಡೆ ಬೇಕು. ಮಗು ಗೋಡೆಯ ಮೇಲೆ ಕೂತಾಗ ಕೋಲು ನೆಲಕ್ಕೆ ನೆಟ್ಟಗೆ ತಾಗಿರಬೇಕು. ಆರಡಿಯ ಕೋಲಿಗೆ ಲಾರಿಯ ಮಾಡೇ ಆಸನ. ಬಟ್ಟೆಪಟ್ಟಿ ಹಳೆಯ ಹತ್ತಿ ಬೆಡ್‌ಶೀಟ್ ಸೀಳಿದ್ದು, ಮೂರು ಇಂಚು ಅಗಲ, ಎರಡೂವರೆ ಮೀಟರ್ ಉದ್ದ, ಒಂದು ಕಾಲಿಗೆ ಎರಡು. ಮೊದಲನೆಯದು ಪಾದ ಮತ್ತು ಹರಡಿಗೆ, ಎಂಟರ ಆಕಾರದಲ್ಲಿ. ಎರಡನೆಯದು ಮೊಣಕಾಲಿನ ಕೆಳಗೆ.

ಈ ಎರಡನೆಯ ಕಟ್ಟನ್ನು ಹತ್ತಿರದಿಂದ ನೋಡಬೇಕು. ಮೊದಲು ಕಾಲಿಗೂ ಕೋಲಿಗೂ ನಡುವೆ ಫೋಮಿನ ತುಂಡು. ಪಟ್ಟಿಯನ್ನು ಕಾಲು ಮತ್ತು ಕೋಲು ಎರಡನ್ನೂ ಸೇರಿಸಿ ಮೂರು ಸುತ್ತು. ನಾಲ್ಕನೆಯ ಸುತ್ತು ಬರುವಾಗ ಪಟ್ಟಿಯನ್ನು ಕಾಲಿನ ಮತ್ತು ಕೋಲಿನ ನಡುವಿನ ಸಂದಿಗೆ ತೂರಿಸಿ, ಹಿಂದೆ ಸುತ್ತಿದ್ದನ್ನೆಲ್ಲ ಒಟ್ಟಿಗೆ ಬಿಗಿದು ಎಳೆಯುತ್ತಾರೆ. ಸುತ್ತು ಕಾಲನ್ನು ಹಿಡಿಯುತ್ತದೆ, ಸಂದಿಯ ಎಳೆತ ಕೋಲನ್ನು ಹಿಡಿಯುತ್ತದೆ. ಗಂಟು ಹೊರಬದಿಗೆ, ಮುಂದಕ್ಕೆ, ಕಟ್ಟಿಸಿಕೊಂಡವರ ಕೈಗೆ ನಿಲುಕುವಂತೆ. ಉಳಿದ ತುದಿಯನ್ನು ಸುತ್ತಿನೊಳಗೆ ಸಿಕ್ಕಿಸದೆ ಬಿಟ್ಟರೆ ಆಚೆ ಕಾಲು ಅದನ್ನು ತುಳಿಯುತ್ತದೆ.

ಎಷ್ಟು ಬಿಗಿ? ಕಟ್ಟಿನೊಳಗೆ ಒಂದು ಬೆರಳು ಕಷ್ಟಪಟ್ಟು ಹೋಗಬೇಕು, ಎರಡು ಹೋಗಬಾರದು. ಮೊಣಕಾಲಿನ ಹೊರಬದಿಗೆ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಮೂಳೆಯ ಗುಬುಟಿದೆ. ಪಾದವನ್ನು ಮೇಲೆತ್ತುವ ನರ ಅದರ ಪಕ್ಕದಲ್ಲೇ, ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಕಟ್ಟು ಅಲ್ಲಿ ಒತ್ತಿದರೆ ಮೊದಲು ಜೋಮು, ಆಮೇಲೆ ಕಟ್ಟು ಬಿಚ್ಚಿದ ಮೇಲೂ ಪಾದ ಮೇಲೇಳದೆ ಜೋಲುವುದು. ಫೋಮ್ ಅಲ್ಲಿ ಇಮ್ಮಡಿ ಇರಬೇಕು. ಜೋಮು ಹಿಡಿದಿದೆ ಎಂದು ಮಗು ಹೇಳಿದರೆ ಮೆರವಣಿಗೆ ಎಷ್ಟೇ ಮುಂದೆ ಹೋಗಿರಲಿ, ಕೂರಿಸಿ ಬಿಚ್ಚಲೇಬೇಕು. ಇದರಲ್ಲಿ ಸಮಜಾಯಿಷಿ ಇಲ್ಲ.

ಇನ್ನೊಂದು ವಿಷಯ: ಹತ್ತಿಬಟ್ಟೆ ಮೊದಲ ಹತ್ತು ನಿಮಿಷದಲ್ಲಿ ಹಿಗ್ಗುತ್ತದೆ, ಫೋಮ್ ಕುಗ್ಗುತ್ತದೆ. ಹಾಗಾಗಿ ಎದ್ದು ನಾಲ್ಕು ಸುತ್ತು ನಡೆದು ಮತ್ತೆ ಗೋಡೆಗೆ ಬಂದು ಕೂತು ಬಿಗಿ ಮಾಡಿಸಿಕೊಂಡ ಮೇಲೇ ರಸ್ತೆ. ಅವಸರದಲ್ಲಿ ಈ ಎರಡನೇ ಬಿಗಿ ಬಿಟ್ಟವರು ಅರ್ಧ ದಾರಿಯಲ್ಲಿ ಕೋಲು ತಿರುಗಿಕೊಂಡು ಒದ್ದಾಡುತ್ತಾರೆ.

ಹೊಸ ಮಕ್ಕಳಿಗೆ ಮೊದಲ ಪಾಠ ನಡೆಯುವುದಲ್ಲ, ನಿಂತಲ್ಲೇ ಹೆಜ್ಜೆ ಹಾಕುವುದು. ನಾವು ನೆಲದ ಮೇಲೆ ನಿಂತಾಗ ದೇಹ ಸದಾ ತುಸು ತೂಗಾಡುತ್ತಲೇ ಇರುತ್ತದೆ. ಹರಡು ಮತ್ತು ಕಾಲ್ಬೆರಳು ಗೊತ್ತಾಗದ ಹಾಗೆ ಅದನ್ನು ಸರಿಪಡಿಸುತ್ತಿರುತ್ತವೆ. ಕೋಲಿನ ತುದಿಗೆ ಬೆರಳೂ ಇಲ್ಲ, ಹರಡೂ ಇಲ್ಲ. ಅಲ್ಲಿ ತೂಗಾಟವನ್ನು ಸರಿಪಡಿಸಲು ಇರುವ ದಾರಿ ಒಂದೇ, ಕೋಲನ್ನು ಎತ್ತಿ ಬೇರೆ ಕಡೆ ಊರುವುದು. ಆದ್ದರಿಂದ ಮೋಕೊ ಎಂದೂ ನಿಲ್ಲುವುದಿಲ್ಲ. ಅವನು ಸುಮ್ಮನೆ ನಿಂತಂತೆ ಕಂಡಾಗಲೂ ಎಡ, ಬಲ, ಎಡ, ಬಲ ನಡೆದೇ ಇರುತ್ತದೆ. ಕುಣಿತ ಹುಟ್ಟಿದ್ದು ಈ ನಿಲ್ಲಲಾಗದ ಸ್ಥಿತಿಯಿಂದಲೇ ಎಂದು ನೋಡುತ್ತ ನಿಂತವರಿಗೆ ಅನಿಸದೆ ಇರದು.

ಕಣ್ಣು ಮುಂದಿರಬೇಕು, ಕೆಳಗೆ ನೋಡಿದರೆ ತಲೆ ಬಾಗಿ ಸೊಂಟ ಹಿಂದೆ ಹೋಗುತ್ತದೆ. ಮಂಡಿ ಮೇಲೆತ್ತಿ ಹೆಜ್ಜೆ ಇಡಬೇಕು, ಎಳೆದರೆ ತುದಿ ಕಲ್ಲಿಗೆ ತಗಲುತ್ತದೆ. ಹೆಜ್ಜೆ ಚಿಕ್ಕದಿರಲಿ. ಬಿದ್ದರೆ ಮುಂದಕ್ಕೆ ಬೀಳಬೇಕು: ಮಂಡಿ ಮಡಚಿ, ಮಂಡಿಯ ಪ್ಯಾಡ್ ಮೊದಲು ನೆಲಕ್ಕೆ ತಾಗಿ, ಆಮೇಲೆ ಕೈ. ಇದನ್ನು ಎರಡಡಿಯ ಕೋಲಿನಲ್ಲಿ ಹುಲ್ಲಿನ ಮೇಲೆ ಮತ್ತೆ ಮತ್ತೆ ಮಾಡಿಸಬೇಕು. ಹಿಂದಕ್ಕೆ ಬೀಳುವವರಿಗೆ ತಲೆ, ಬೆನ್ನುಮೂಳೆ, ಮಣಿಕಟ್ಟು ಮೂರಕ್ಕೂ ಅಪಾಯ.

ಭಾನುವಾರ: ಬಟ್ಟೆ, ರಾಜ, ರಾಣಿ

ಮಳೆ ಬಂದು ಬೆಳಿಗ್ಗೆ ಬೀದಿ ಖಾಲಿ. ಹೊಲಿಯುವವರ ಮನೆಯಲ್ಲಿ ಮಾತ್ರ ಕೆಲಸ ಮುಗಿದಿರಲಿಲ್ಲ. ಪ್ಯಾಂಟಿನ ಲೆಕ್ಕ ಹೀಗೆ: ಆರಡಿಯ ಕೋಲು, ತೊಡೆಸಂದಿಯಿಂದ ಪಾದದವರೆಗೆ 32 ಇಂಚಿನ ಒಳಗಾಲು. ಒಟ್ಟು 104 ಇಂಚು. ಅಂಚು ನೆಲದಿಂದ ಮೂರು ಇಂಚು ಮೇಲಿರಲಿ ಎಂದು ಕಳೆದರೆ 101. ಸೊಂಟದ ಏರಿಗೆ, ಮಡಿಕೆಗೆ ಸೇರಿಸಿದರೆ ಒಂದು ಕಾಲಿಗೆ ಮೂರು ಮೀಟರ್. 45 ಇಂಚು ಪನ್ನದ ಬಟ್ಟೆ ಆರೂವರೆ ಮೀಟರ್ ತಂದರೆ ಒಂದು ಪ್ಯಾಂಟ್ ಆಗುತ್ತದೆ. ಕಾಲು ಅಗಲವಾಗಿರಲಿ, ಆದರೆ ಗಾಳಿಗೆ ಉಬ್ಬುವ ಜಾತಿಯ ಬಟ್ಟೆ ಬೇಡ. ಸವಾನಾದ ಬಯಲು ಗಾಳಿ ಪಟ ಎಳೆದ ಹಾಗೆ ಎಳೆಯುತ್ತದೆ. ಮೊಣಕಾಲಿನ ಹತ್ತಿರ ಒಂದು ಬದಿ ಹೊಲಿಯದೆ ಬಿಟ್ಟು ಟಿಚ್ ಬಟನ್ ಹಾಕಿದರೆ ದಾರಿಯಲ್ಲಿ ಕಟ್ಟು ಬಿಗಿ ಮಾಡಲು ಅನುಕೂಲ.

ಕಾರ್ನಿವಲ್‌ನ ರಾಜ ರಾಣಿ ಸ್ಪರ್ಧೆಯಲ್ಲಿ ಬಹುಕಾಲ ಚಕ್ರದ ಮೇಲೆ ಎಳೆಯುವ ಭಾರಿ ವೇಷಗಳದ್ದೇ ಕಾರುಬಾರು. 2016ರಲ್ಲಿ ವೇಷ ವಿನ್ಯಾಸಕ ಪೀಟರ್ ಮಿನ್ಶಲ್ ಬೇರೆಯೇ ದಾರಿ ಹಿಡಿದರು. ಸಾಯುತ್ತಿರುವ ಹಂಸದ ವೇಷ, ಕೋಲಿನ ತುದಿಗೆ ಬ್ಯಾಲೆ ಷೂ ಆಕಾರ. ಜಾವಾನ್ ಥಾಮಸ್ ಅದನ್ನು ಹೊತ್ತು ಸವಾನಾ ವೇದಿಕೆಯ ಮೇಲೆ ತೇಲಿಬಂದರು. ಬ್ಯಾಲೆಯವರು ಬೆರಳ ತುದಿಯಲ್ಲಿ ನಿಲ್ಲಲು ಪಡುವ ಪಾಡಿಗೂ ಮೋಕೊನ ಪಾಡಿಗೂ ಇರುವ ನೆಂಟಸ್ತಿಕೆಯನ್ನು ಆ ಒಂದು ವೇಷ ಕಣ್ಣಿಗೆ ಕಟ್ಟಿಸಿತು. 2018ರಲ್ಲಿ ಅಲನ್ ವಾನ್ ರೂಪಿಸಿದ ವೇಷದಲ್ಲಿ ಶೈನೆಲ್ ಬ್ರಿಜಾನ್ ಕೋಲಿನ ಮೇಲೆ ನಿಂತೇ ಕಾರ್ನಿವಲ್ ರಾಣಿಯಾದರು. ಗೆದ್ದದ್ದಕ್ಕಿಂತ ಹೆಚ್ಚಾಗಿ, ಬೀದಿಯ ಕಾವಲುಗಾರನಿಗೆ ವೇದಿಕೆಯ ನಡುವೆ ಜಾಗ ಸಿಕ್ಕಿತಲ್ಲ, ಅದು ಸಂತೋಷ.

ಸಂಜೆಯ ಮಾತು ಸಹಜವಾಗಿ ಆಫ್ರಿಕಾಕ್ಕೆ ಹೋಗುತ್ತದೆ. ಟೋಗೊ ದೇಶದ ಅಟಾಕ್ಪಾಮೆಯಲ್ಲಿ ಟ್ಚೆಬೆ ಕುಣಿತದವರು ಹಲವು ಮೀಟರ್ ಎತ್ತರದ ಕೋಲಿನ ಮೇಲೆ ಊರು ಸುತ್ತುತ್ತಾರೆ. ಕೋತ್ ದಿವ್ವಾರ್‌ನ ಪಶ್ಚಿಮದಲ್ಲಿ, ಮಾನ್ ಊರಿನ ಸುತ್ತಲಿನ ಡಾನ್ ಜನರಲ್ಲಿ ಮರಗಾಲಿಗನ ಮುಖವೂ ಮುಚ್ಚಿರುತ್ತದೆ, ಅವನು ಮನುಷ್ಯನಲ್ಲ, ಕಾಡಿನಿಂದ ಬಂದ ಶಕ್ತಿ. ಮಾಲಿಯ ಡೋಗೊನ್ ಜನರಲ್ಲಿ ಕೋಲಿನ ಮೇಲಿನ ವೇಷ ನೀರುಹಕ್ಕಿಯದು. ಮೂರೂ ಕಡೆ ಕಟ್ಟು ಮೊಣಕಾಲಿನ ಕೆಳಗೇ.

ಸೋಮವಾರ, ಮಂಗಳವಾರ: ರಸ್ತೆ

ಸೋಮವಾರ ನಸುಕಿನ ಜುವೇ ಕೆಸರು, ಬಣ್ಣ, ಎಣ್ಣೆಯ ಹಬ್ಬ. ಅದು ಕೋಲಿಗೆ ಹೇಳಿದ್ದಲ್ಲ. ಎಣ್ಣೆ ಬಿದ್ದ ಟಾರಿನ ಮೇಲೆ ಟೈರಿನ ತುಂಡು ಏನೂ ಮಾಡಲಾರದು. ಬಿಸಿಲೇರಿ ರಸ್ತೆ ಒಣಗಿದ ಮೇಲೆ ಮೋಕೊಗಳು ಒಬ್ಬೊಬ್ಬರಾಗಿ ಬರುತ್ತಾರೆ. ಮಂಗಳವಾರ ದೊಡ್ಡ ತಂಡಗಳ ದಿನ, ಆಡಮ್ ಸ್ಮಿತ್ ಚೌಕದಿಂದ ಸವಾನಾದವರೆಗೆ ಎಲ್ಲೆಲ್ಲೂ ಜನ.

ಕೆಳಗೆ ನೋಡುತ್ತ ನಡೆದರೆ ರಸ್ತೆಯೇ ಬೇರೆಯಾಗಿ ಕಾಣುತ್ತದೆ. ಅಡ್ಡಗೆರೆಯ ಬಿಳಿ ಬಣ್ಣ ಒದ್ದೆಯಾದರೆ ಜಾರುತ್ತದೆ. ಚರಂಡಿಯ ಕಬ್ಬಿಣದ ಜಾಲರಿಯ ಸಂದಿ ಕೋಲಿನ ತುದಿಗಿಂತ ಅಗಲ. ಎಸೆದ ಬಿಯರ್ ಡಬ್ಬಿ ಕೋಲಿನಡಿ ಉರುಳುತ್ತದೆ. ಹುಲ್ಲಿನೊಳಗಿನ ಗುಂಡಿ ಮೇಲಿಂದ ಕಾಣುವುದೇ ಇಲ್ಲ. ಹಾಗಾಗಿ ಪ್ರತಿ ಮೋಕೊಗೆ ನೆಲದ ಮೇಲೆ ನಡೆಯುವ ಒಬ್ಬ ಜೊತೆಗಾರ ಬೇಕು. ಆತ ಮೇಲೆ ನೋಡುವುದು ಒಂದಕ್ಕೇ, ತಂತಿಗೆ. ಹತ್ತಡಿಯ ಕೋಲಿನವನ ತಲೆ ಹದಿನೈದು ಅಡಿ ದಾಟಿರುತ್ತದೆ. ಅಡ್ಡ ಬೀದಿಗಳಲ್ಲಿ ಫೋನಿನ, ಕರೆಂಟಿನ ತಂತಿ ಅಷ್ಟರಲ್ಲೇ ಜೋತಿರುತ್ತದೆ. ತಲೆಯ ಅಲಂಕಾರಕ್ಕೆ ಲೋಹದ ಸರಳು ಬಳಸದಿರಲು ಇದೂ ಒಂದು ಕಾರಣ.

ಪ್ರೇಕ್ಷಕರು ಮಾಡುವ ದೊಡ್ಡ ತಪ್ಪು ಪ್ರೀತಿಯಿಂದಲೇ ಮಾಡುವಂಥದ್ದು. ಮೋಕೊ ತುಸು ಓಲಾಡಿದರೆ ಪಕ್ಕದವರು ಓಡಿಬಂದು ಕೋಲು ಹಿಡಿದುಕೊಳ್ಳುತ್ತಾರೆ. ಅವನಿಗೆ ಉಳಿದಿದ್ದ ಒಂದೇ ದಾರಿ ಕೋಲೆತ್ತಿ ಬೇರೆಡೆ ಊರುವುದು, ಅದನ್ನೇ ಇವರು ಕಟ್ಟಿಹಾಕಿದಂತಾಯಿತು. ಬೀಳುವುದು ಆಗ. ಸಹಾಯ ಮಾಡಬೇಕೆಂದರೆ ಕೈ ಮೇಲೆ ಚಾಚಿ, ಅಂಗೈ ಕೊಡಿ, ಹಿಡಿಯುವುದೋ ಬಿಡುವುದೋ ಅವನಿಗೆ ಬಿಡಿ.

ಕುಣಿತದ ತಾಳವೂ ಕೋಲಿನ ಉದ್ದಕ್ಕೆ ಬದ್ಧ. ಪವರ್ ಸೋಕಾ ನಿಮಿಷಕ್ಕೆ 160 ಪೆಟ್ಟಿನ ಆಸುಪಾಸು. ಎಂಟಡಿಯ ಕಾಲು ಅಷ್ಟು ಬೇಗ ಬೀಸಲಾಗದು, ಉದ್ದ ಲೋಲಕ ನಿಧಾನವಾಗಿಯೇ ತೂಗುತ್ತದೆ. ಆದ್ದರಿಂದ ಮೋಕೊ ಎರಡು ಪೆಟ್ಟಿಗೆ ಒಂದು ಹೆಜ್ಜೆ ಇಡುತ್ತಾನೆ. ಕೆಳಗೆ ಜನ ಕುಪ್ಪಳಿಸುತ್ತಿದ್ದರೆ ಮೇಲೆ ಅವನು ಸಾವಧಾನವಾಗಿ, ಅದೇ ಹಾಡಿನೊಳಗೆ, ಬೇರೊಂದು ಹಾಡಿಗೆ ಎಂಬಂತೆ ನಡೆಯುತ್ತಾನೆ. ಪಳಗಿದವರು ಒಂದು ಕೋಲನ್ನು ಪೂರ್ತಿ ಎತ್ತಿ ಪಕ್ಕಕ್ಕೆ ಚಾಚಿ, ಇನ್ನೊಂದರಲ್ಲೇ ಕುಂಟುತ್ತ ಸುತ್ತುತ್ತಾರೆ. ಆಗ ನೆಲದಲ್ಲಿ ಊರಿದ ಕೋಲಿನ ಮೇಲಷ್ಟೇ ಕಣ್ಣಿಡಿ: ಒಂದು ಸುತ್ತಿಗೆ ಎಂಟೋ ಹತ್ತೋ ಪುಟ್ಟ ನೆಗೆತ, ಪ್ರತಿ ನೆಗೆತವೂ ಎರಡು ಮೂರು ಇಂಚು, ಟಾರಿನ ಮೇಲೆ ರಬ್ಬರಿನ ಕಪ್ಪು ಚುಕ್ಕೆಗಳ ಒಂದು ಬಳೆ.

ಗಂಟೆಗೊಮ್ಮೆ ಲಾರಿಯ ಮಾಡಿನ ಮೇಲೆ ಕೂತು ಕಾಲಿಗೆ ಬಿಡುವು ಕೊಡುತ್ತಾರೆ. ಶೌಚಕ್ಕೆ ಹೋಗಬೇಕೆಂದರೆ ನಾಲ್ಕೂ ಕಟ್ಟು ಬಿಚ್ಚಬೇಕು ಎಂದು ಹಲವರು ನೀರೇ ಕುಡಿಯುವುದಿಲ್ಲ. ಅದು ತಪ್ಪು. ಬಿಸಿಲಲ್ಲಿ ತಲೆ ಸುತ್ತಿದರೆ ಆ ಎತ್ತರದಲ್ಲಿ ಹಿಡಿಯುವವರಿಲ್ಲ. ಪ್ರತಿ ಬಿಡುವಿಗೂ ಅರ್ಧ ಗ್ಲಾಸಿನಂತೆ ಕುಡಿಯುತ್ತ ಹೋಗುವುದು ಒಳ್ಳೆಯದು.

ಬೂದಿ ಬುಧವಾರ

ಊರಿಗೆ ಊರೇ ಬೆಟ್ಟ ದಾಟಿ ಮರಾಕಸ್ ಕಡಲತೀರಕ್ಕೆ ಹೋಗಿರುತ್ತದೆ. ಕೊಕೊರೀಟ್‌ನ ಅಂಗಳದಲ್ಲಿ ಬಟ್ಟೆಪಟ್ಟಿಗಳು ಒಗೆದು ಒಣಗಲು ತಂತಿಯ ಮೇಲಿದ್ದವು. ಹತ್ತಿರ ಹೋಗಿ ನೋಡಿದರೆ ಸಂದಿಯ ಎಳೆತ ಬೀಳುವ ಜಾಗದಲ್ಲಿ ನೇಯ್ಗೆ ಜಾಲರಿಯಾಗಿತ್ತು. ಅಂಥವನ್ನು ಬೇರೆ ಇಡುತ್ತಾರೆ, ಅವು ಇನ್ನು ಕಟ್ಟಲು ಬಾರವು.

ಕೋಲುಗಳನ್ನು ಒಂದೊಂದಾಗಿ ಸಿಮೆಂಟ್ ನೆಲದ ಮೇಲೆ ಎರಡು ಇಂಚು ಎತ್ತರದಿಂದ ಬಿಟ್ಟು ಸದ್ದು ಕೇಳುತ್ತಾರೆ. ಗಟ್ಟಿ ಮರ ಟಣ್ಣನೆ ನುಡಿಯುತ್ತದೆ, ಒಳಗೆ ಬಿರುಕು ಬಿಟ್ಟದ್ದು ಬಡಬಡ ಎನ್ನುತ್ತದೆ. ಬೋಲ್ಟ್ ತೆಗೆದು ತೂತಿನ ಸುತ್ತ ಕೂದಲೆಳೆಯ ಸೀಳು ಇದೆಯೇ ಎಂದು ಉಗುರಿನಿಂದ ಸವರುತ್ತಾರೆ. ಇದ್ದರೆ ಆ ಕೋಲನ್ನು ಅಲ್ಲಿಗೇ ಕೊಯ್ದು, ಸೀಳಿಲ್ಲದ ಉದ್ದದಲ್ಲಿ ಮಕ್ಕಳಿಗೆ ಮೂರಡಿಯ ಜೋಡಿ ಮಾಡುತ್ತಾರೆ. ಹಳೆಯ ರಬ್ಬರ್ ಕಿತ್ತು, ಮೊಳೆ ಬಿಡಿಸಿ, ಒಳ್ಳೆಯದಿರುವ ಕೋಲುಗಳನ್ನು ಮನೆಯ ಅಡಿಯ ನೆರಳಲ್ಲಿ ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸುತ್ತಾರೆ. ಗೋಡೆಗೆ ಒರಗಿಸಿದರೆ ಮುಂದಿನ ವರ್ಷದ ಹೊತ್ತಿಗೆ ಬಿಲ್ಲಿನಂತೆ ಬಾಗಿರುತ್ತವೆ.